ನನ್ನ ಸೊಟ್ಟ ಗೆರೆಗಳ ತಂಟೆಗೆ ಬಂದವರು

ಎಲೆಕ್ಟ್ರಾನಿಕ್ ಸಿಟಿಯ ಆಫೀಸಿನಲ್ಲಿ ಕೂತು ಸರ್ಕ್ಯೂಟ್ ಬೋರ್ಡಿನ ತಾಮ್ರದ ಗೆರೆಗಳನ್ನು ಎಳೆಯುವುದು ನನ್ನ ಕೆಲಸ. ಒಂದು ಚಿಪ್‌ನಿಂದ ಒಟ್ಟಿಗೆ ಹೊರಟ ಸಿಗ್ನಲ್‌ಗಳು ಇನ್ನೊಂದಕ್ಕೆ ಒಟ್ಟಿಗೇ ತಲುಪಬೇಕು. ಅದಕ್ಕೆ ಗೆರೆಗಳ ಉದ್ದ ಸಮ ಇರಬೇಕು, ಗಿಡ್ಡ ಗೆರೆಯನ್ನು ಬೇಕೆಂದೇ ಅಂಕುಡೊಂಕು ಮಾಡಿ ಉದ್ದ ಮಾಡುತ್ತೇನೆ. ಇಷ್ಟೇ ವಿಷಯ. ಆದರೂ ಅವನ್ನು ನೆಟ್ಟಗೆ ಮಾಡಲು ಹೊರಟವರು ಒಬ್ಬರಲ್ಲ ಒಬ್ಬರು ಸಿಗುತ್ತಲೇ ಇರುತ್ತಾರೆ. ನಾನೂ ಬಗ್ಗುವವಳಲ್ಲ.

೧. ಮನೆಯಲ್ಲಿ

ಮಾವ ಸರ್ಕಾರಿ ಕಾರ್ಖಾನೆಯ ವೈರಿಂಗ್ ವಿಭಾಗದಲ್ಲಿದ್ದು ನಿವೃತ್ತರಾದವರು. ನನ್ನ ಲ್ಯಾಪ್‌ಟಾಪ್ ನೋಡಿ, ಇಷ್ಟು ತಾಮ್ರ ದಂಡ ಮಾಡಿದರೆ ನಮ್ಮಲ್ಲಿ ಮೆಮೊ ಕೊಡುತ್ತಿದ್ದರು ಎಂದರು. ಎಲ್ಲರೂ ಒಟ್ಟಿಗೆ ತಲುಪಬೇಕು ಮಾವ, ಮೊದಲೇ ಬಂದು ನಿಂತವರಿಂದಲೂ ಕೆಲಸ ಕೆಡುತ್ತದೆ ಎಂದೆ. ಸರ್ವಿಸ್ ಪೂರ್ತಿ ಸೈರನ್ನಿಗೆ ಮುಂಚೆಯೇ ಗೇಟಿನಲ್ಲಿ ನಿಂತಿರುತ್ತಿದ್ದವರು ಅವರು. ಆ ದಿನ ನನ್ನ ಜೊತೆ ಕಾಫಿ ಕುಡಿಯಲಿಲ್ಲ.

೨. ಜಿಗಣಿಯಲ್ಲಿ

ಬೋರ್ಡು ತಯಾರಾಗುವುದು ಜಿಗಣಿಯ ಒಂದು ಕಾರ್ಖಾನೆಯಲ್ಲಿ. ಅಲ್ಲಿ ನಮ್ಮ ಫೈಲು ತೆರೆಯುವ ಆಪರೇಟರ್ ಬಾಗಲಕೋಟೆ ಕಡೆಯವರು, ಹೊಸಬರು. ಒಂದು ಮಧ್ಯಾಹ್ನ ಫೋನ್ ಮಾಡಿ, ಗೆರೆಗಳು ಕೈ ನಡುಗಿದ ಹಾಗೆ ಬಂದಿದ್ದವು, ಎಲ್ಲ ನಾನೇ ತಿದ್ದಿದ್ದೇನೆ ಎಂದು ಸಂತೋಷದಿಂದ ಹೇಳಿದರು. ಆಟೋ ಹಿಡಿದು ಓಡಿ, ಮೊದಲಿನ ಫೈಲನ್ನೇ ಹಾಕಿಸಿ, ಕಾರಣ ಬಿಡಿಸಿ ಹೇಳಿ ಬಂದೆ. ಅವರಿಗೆ ಎಷ್ಟು ಮನದಟ್ಟಾಯಿತೆಂದರೆ ಮರುದಿನ ಮತ್ತೆ ಫೋನ್ ಬಂತು.

“ಮೇಡಂ, ಇಲ್ಲೊಂದು ಗೆರಿ ನೆಟ್ಟಗ ಐತ್ರಿ. ಮರ್ತೀರೇನ್ರಿ?”

೩. ಡೈರೆಕ್ಟರ್ ರೂಮಿನಲ್ಲಿ

ನಮ್ಮ ಡೈರೆಕ್ಟರ್ ಮಾರಾಟ ವಿಭಾಗದಿಂದ ಮೇಲೆ ಬಂದವರು. ಹೊಸ ಬೋರ್ಡು ಕಾರ್ಖಾನೆಗೆ ಹೋಗಬೇಕಾದ ದಿನ ಅದರ ಚಿತ್ರ ನೋಡಿ ಮುಖ ಸಿಂಡರಿಸಿದರು. ಗಿರಾಕಿಗಳಿಗೆ ಇದನ್ನು ತೋರಿಸುವುದು ಹೇಗೆ, ಸಂಜೆಯೊಳಗೆ ನೆಟ್ಟಗೆ ಮಾಡು, ಇಲ್ಲದಿದ್ದರೆ ಪ್ರಾಜೆಕ್ಟು ಬೇರೆಯವರಿಗೆ ಎಂದರು. ಅದು ನನ್ನ ಎಂಟು ತಿಂಗಳ ಕೆಲಸ. ನೆಟ್ಟಗೆ ಮಾಡಿದರೆ ಬೋರ್ಡು ಕೆಡುತ್ತದೆ, ಕೆಟ್ಟ ಹೆಸರು ನನಗೇ ಬರುತ್ತದೆ. ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ‘ಡೈರೆಕ್ಟರ್ ಆದೇಶದಂತೆ ಗೆರೆಗಳನ್ನು ನೆಟ್ಟಗೆ ಮಾಡಲಾಗಿದೆ’ ಎಂದು ಪ್ರಿಂಟ್ ತೆಗೆದು ತಂದು, ಸಹಿ ಹಾಕಿ ಸಾರ್ ಎಂದೆ.

ಸರ್ರನೆ ಹಾಕಿಬಿಟ್ಟರು. ಮೂರು ಸುತ್ತು, ನಾಲ್ಕು ಡೊಂಕು, ಕೊನೆಗೊಂದು ಬಾಲ. ಕಾಗದವನ್ನು ಅವರ ಕಡೆಗೇ ತಳ್ಳಿದೆ.

“ಸಾರ್, ಇದನ್ನ ಸ್ವಲ್ಪ ನೆಟ್ಟಗೆ ಹಾಕ್ಕೊಡಿ.”

“ನೆಟ್ಟಗೆ ಹಾಕಿದ್ರೆ ಬ್ಯಾಂಕ್‌ನೋರು ಒಪ್ಪಲ್ಲ ಕಣಮ್ಮ.”

“ನನ್ನ ಬೋರ್ಡೂ ಒಪ್ಪಲ್ಲ ಸಾರ್.”

ಕಾಗದವನ್ನು ಅವರೇ ಹರಿದು ಹಾಕಿದರು. ಬೋರ್ಡು ಇದ್ದ ಹಾಗೇ ಹೋಯಿತು.