ಕುಮುದಿನಿಯ ಪತ್ರವೂ ನನ್ನ ನಾಲ್ಕು ಸಂಕಲ್ಪಗಳೂ

ಆ ದಿನ ನಾನು ಮೈಕಿನಲ್ಲಿ "ತಪ್ಪು" ಎಂದಷ್ಟೇ ಹೇಳಿದೆನೋ, "ಕ್ಷಮಿಸಿ, ತಪ್ಪು" ಎಂದೆನೋ, ಈಗ ಖಚಿತವಾಗಿ ಹೇಳಲಾರೆ. ನನ್ನ ನೆನಪಿನ ಪ್ರಕಾರ ಕ್ಷಮೆ ಕೇಳಿದ್ದೆ. ನನ್ನ ಹೆಂಡತಿ ವಿದ್ಯಾಳ ಪ್ರಕಾರ ಕ್ಷಮೆಯ ಮಾತಿರಲಿ, ನಾನು ನಕ್ಕಿದ್ದೆ. ಅದೂ ಮೈಕನ್ನು ಬಾಯಿಯ ಹತ್ತಿರ ಹಿಡಿದುಕೊಂಡೇ. ಸಭೆಯ ಹಾಲ್‌ನಲ್ಲಿ ಮೂವತ್ತಾರು ಜನ ಇದ್ದರು ಎಂದು ನಾನು ಹೇಳುತ್ತೇನೆ, ಅರವತ್ತಕ್ಕೆ ಕಡಿಮೆ ಇರಲಿಲ್ಲ ಎಂದು ಅವಳು ಹೇಳುತ್ತಾಳೆ. ಇಂಥ ಪರಿಸ್ಥಿತಿಯಲ್ಲಿ ಓದುಗರು ನನ್ನನ್ನು ಅರ್ಧ ನಂಬಿ, ಉಳಿದರ್ಧಕ್ಕೆ ವಿದ್ಯಾಳನ್ನು ಕೇಳುವುದು ಒಳ್ಳೆಯದು.

ನಾನು ಧಾರವಾಡದಲ್ಲಿ ತತ್ವಶಾಸ್ತ್ರದ ಎಂ.ಎ. ಮಾಡಿದವನು. ಆ ಪದವಿಯಿಂದ ನೌಕರಿ ಸಿಗಲಿಲ್ಲ. ಸಂಶಯ ಮಾತ್ರ ಧಾರಾಳವಾಗಿ ಸಿಕ್ಕಿತು. ಈಗ ಪುಣೆಯ ನಿಗಡಿಯಲ್ಲಿ ಮನೆ ಮಾಡಿಕೊಂಡು, ಮಗರಪಟ್ಟಾದ ಒಂದು ಕಚೇರಿಗಾಗಿ ಯಂತ್ರಗಳ ಕೈಪಿಡಿ ಬರೆಯುತ್ತೇನೆ. "ಗ್ಯಾಸ್ ಸಿಲಿಂಡರ್ ಮೂರನೇ ತಾರೀಖಿಗೆ ಬದಲಿ ಮಾಡಿದ್ದು" ಎಂದು ವಿದ್ಯಾ ಹೇಳಿದರೆ, "ಇದಕ್ಕ ಆಧಾರ?" ಎಂದು ಕೇಳುವವನು ನಾನು. ಕೇಳಿದ ದಿನ ಎರಡನೇ ಸಲ ಚಹಾ ಸಿಗುವುದಿಲ್ಲ. ಇದಕ್ಕೆ ಆಧಾರವಿದೆ.

ಇಂಥ ನನಗೆ ಒಂದು ಗುಟ್ಟಿನ ಚಟ. ನಾನು ಫ್ಯಾನ್ ಫಿಕ್ಷನ್ ಬರೆಯುತ್ತೇನೆ. ಎಂದರೆ, ಬೇರೆಯವರು ಕಷ್ಟಪಟ್ಟು ಹೊತ್ತು ಹೆತ್ತ ಪಾತ್ರಗಳನ್ನು ಹೇಳದೆ ಕೇಳದೆ ಎತ್ತಿಕೊಂಡು ಬಂದು, ನನಗೆ ಸರಿಕಂಡ ಹಾಗೆ ಬಾಳಿಸುವ ಉದ್ಯೋಗ. ಸಂಬಳವಿಲ್ಲ, ಸನ್ಮಾನವಿಲ್ಲ. ಇಂಟರ್ನೆಟ್ಟಿನಲ್ಲಿ ಒಂದು ಸುಳ್ಳು ಹೆಸರಿನಿಂದ ಪ್ರಕಟಿಸಿ, ಯಾರಾದರೂ ಎರಡು ಸಾಲು ಪ್ರತಿಕ್ರಿಯೆ ಬರೆದಾರೇನೋ ಎಂದು ಬಸ್ಸಿನಲ್ಲಿ ಫೋನು ನೋಡುತ್ತ ಕೂರುವುದೇ ಫಲ.

ಒಂದು ಕಥೆಯ ಸುತ್ತ ಹೀಗೆ ಕೂಡುವ ಅಭಿಮಾನಿಗಳ ಮೇಳಕ್ಕೆ ಫ್ಯಾಂಡಮ್ ಎನ್ನುತ್ತಾರೆ. ನನಗೆ ಪ್ರಿಯವಾದವು ಮೂರು. ಒಂದು, ಪಂಕ್ಚರಾದ ಸೈಕಲ್ಲಿನಲ್ಲೇ ಕಳ್ಳರನ್ನು ಹಿಡಿಯುವ ಹವಾಲ್ದಾರನ ಮರಾಠಿ ಧಾರಾವಾಹಿ. ಇನ್ನೊಂದು, ಲಿಫ್ಟಿನಲ್ಲಿ ಸಿಕ್ಕಿಬಿದ್ದ ದೆವ್ವದ ಹಿಂದಿ ಧಾರಾವಾಹಿ. ಇದರ ಫ್ಯಾಂಡಮ್ಮಿನಲ್ಲಿ ನನ್ನನ್ನೂ ಸೇರಿಸಿ ನಾಲ್ಕು ಜನ. ಎಲ್ಲಕ್ಕಿಂತ ಹೆಚ್ಚಿನದು ನಾನು ಹೈಸ್ಕೂಲಿನಲ್ಲಿದ್ದಾಗ ಬರುತ್ತಿದ್ದ ಕನ್ನಡದ 'ಟಪಾಲು ಓಣಿ'. ಪೋಸ್ಟ್ ಮಾಸ್ತರರ ಮಗಳು ಕುಮುದಿನಿ, ಅವಳನ್ನು ಕಾಡುವ ಸೋದರತ್ತೆ ಅಂಬಕ್ಕ, ಪುಣೆಗೆ ಹೋದವನು ತಿರುಗಿ ಬಾರದ ಶ್ರೀಧರ. ಕೊನೆಯ ಕಂತಿನಲ್ಲಿ ಕುಮುದಿನಿ ಶ್ರೀಧರನಿಗೆ ಪತ್ರ ಬರೆಯುತ್ತಾಳೆ. ಅಲ್ಲಿಗೆ ಧಾರಾವಾಹಿ ಮುಗಿಯಿತು. ನನಗೆ ಮುಗಿಯಲಿಲ್ಲ. ಮುಂದಿನದನ್ನು ಹದಿನಾಲ್ಕು ಅಧ್ಯಾಯ ಬರೆದಿದ್ದೇನೆ.

ನಮ್ಮ ಮೇಳದಲ್ಲಿ ವರ್ಷದ ಮೊದಲ ದಿನ ಪ್ರತಿಯೊಬ್ಬರೂ ಸಂಕಲ್ಪಗಳನ್ನು ಪ್ರಕಟಿಸುವ ಪದ್ಧತಿಯಿದೆ. ಜನವರಿಯಲ್ಲಿ ಮಾಡಿದ ನನ್ನ ಸಂಕಲ್ಪಗಳು ಎಳ್ಳು ಹಂಚುವ ಹೊತ್ತಿಗೆ ತೀರಿಕೊಳ್ಳುತ್ತಿದ್ದುದರಿಂದ, ಈ ವರ್ಷ ಅವನ್ನು ಯುಗಾದಿಗೆ ಸ್ಥಳಾಂತರಿಸಿದೆ. ಎದುರು ಮನೆಯ ಮರಾಠಿಗರು ಹಬ್ಬದ ಗುಡಿಯ ಕೋಲು ಏರಿಸುತ್ತಿದ್ದಾಗ ನಾನು ಬೇವು ಬೆಲ್ಲ ಜಗಿಯುತ್ತ ಬರೆದೆ: ಮೂರು ವರ್ಷದಿಂದ ರೈಲ್ವೆ ಸ್ಟೇಶನ್ನಿನಲ್ಲಿ ಟ್ರಂಕು ಹಿಡಿದು ನಿಂತಿರುವ ಕುಮುದಿನಿಯನ್ನು ರೈಲು ಹತ್ತಿಸಿ ನನ್ನ ದೀರ್ಘಕಥೆ ಮುಗಿಸುವುದು. ಲಿಫ್ಟಿನ ದೆವ್ವಕ್ಕೆ ಒಂದು ಸಂಬಂಧ ಕುದುರಿಸುವುದು. ಬೇರೆಯವರ ಕಥೆಗಳನ್ನು ಕಳ್ಳನಂತೆ ಓದಿ ಓಡದೆ ನಾಲ್ಕು ಮಾತು ಬರೆಯುವುದು. ಕೊನೆಯದು, ಹೆಂಡತಿಯನ್ನು ಬಿಟ್ಟು ಇನ್ನೊಬ್ಬ ಜೀವಂತ ಮನುಷ್ಯನಿಗೆ, ಮುಖ ನೋಡಿಕೊಂಡು, ನಾನು ಇದನ್ನೆಲ್ಲ ಬರೆಯುತ್ತೇನೆಂದು ಹೇಳುವುದು.

ವಿದ್ಯಾ ಓದಿ ಹಾಳೆ ಮಡಚಿಟ್ಟಳು.

"ನಾಕನೇದು ಆಗೂದಿಲ್ಲ ಬಿಡ್ರಿ."

"ಯಾಕ?"

"ನಮ್ಮ ತಮ್ಮ ಬಂದಾಗ ಲ್ಯಾಪ್‌ಟಾಪ್ ಮ್ಯಾಲೆ ಟಾವೆಲ್ ಹೊಚ್ಚಿ ಕೂತಿದ್ರಿ. ಆಂವಗ ಇನ್ನೂ ಏನೇನೋ ಸಂಶಯ ಅದ."

ಆ ವಾರವೇ ನಮ್ಮ ಕಡೆಯ ಕನ್ನಡಿಗರ ಯುಗಾದಿ ಕೂಟ. ಹಳೆಯ ಧಾರಾವಾಹಿಗಳ ಬಗ್ಗೆ ರಸಪ್ರಶ್ನೆ ಇಡೋಣವೆಂದು ಯಾರೋ ಹೇಳಿದರು. ಪ್ರಶ್ನೆ ಕೇಳುವವರು ಯಾರು ಎಂದಾಗ ಎರಡೂ ಕೈ ಎತ್ತಿದೆ. 'ಟಪಾಲು ಓಣಿ'ಯ ವಿಷಯದಲ್ಲಿ ಪುಣೆಯಲ್ಲಿ ನನಗಿಂತ ದೊಡ್ಡ ಪ್ರಮಾಣ ಇನ್ನೊಂದಿಲ್ಲ ಎಂಬ ಬಗ್ಗೆ, ಎಲ್ಲವನ್ನೂ ಸಂಶಯಿಸುವ ನನಗೆ ಲವಲೇಶವೂ ಸಂಶಯವಿರಲಿಲ್ಲ.

ಕೊನೆಯ ಸುತ್ತಿಗೆ ಇಬ್ಬರು ಉಳಿದರು. ಒಬ್ಬರು ಬಿಲ್ಡರ್ ಹತ್ತಿರ ಲೆಕ್ಕ ಬರೆಯುವ ಪಾಟೀಲರು. ಇನ್ನೊಬ್ಬರು ನಮ್ಮ ಮೇಲಿನ ಮಹಡಿಯ ಶಾಂತಾ ಮೌಶಿ. ಮೌಶಿ ಎಂದರೆ ಚಿಕ್ಕಮ್ಮ; ರಕ್ತ ಸಂಬಂಧವಲ್ಲ, ಇಡೀ ಬಿಲ್ಡಿಂಗಿಗೇ ಮೌಶಿ. ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು; ಇಪ್ಪತ್ತೊಂಬತ್ತರ ಮಗ್ಗಿಯನ್ನು ಕೆಳಗಿನಿಂದ ಮೇಲಕ್ಕೆ ಹೇಳುತ್ತಾರೆ. ಬಹುಮಾನ ಮೂರು ಲೀಟರಿನ ಕುಕ್ಕರ್. ಬಾಗಿಲಲ್ಲಿ ಹಾಲ್ ಮ್ಯಾನೇಜರ್ "ಸರ್, ಸಹಾ ವಾಜತಾ ಹಾಲ್ ರಿಕಾಮಾ ಪಾಯಿಜೆ" ಎಂದು ಗಡಿಯಾರ ತೋರಿಸುತ್ತಿದ್ದ. ಆರಕ್ಕೆ ಹಾಲ್ ಖಾಲಿ ಮಾಡಬೇಕಿತ್ತು, ಇನ್ನು ಐದೇ ನಿಮಿಷವಿತ್ತು.

"ಕಡೀ ಪ್ರಶ್ನೆ," ಎಂದೆ. "ಟಪಾಲು ಓಣಿಯ ಕಡೀ ಕಂತಿನಾಗ ಕುಮುದಿನಿ ತನ್ನ ಪತ್ರ ಏನ್ ಮಾಡಿದ್ಲು?"

ಮೌಶಿ ಯೋಚಿಸಲೂ ಇಲ್ಲ. "ಜ್ವಾಳದ ಡಬ್ಬಿಯೊಳಗ ಹುಗದಿಟ್ಲು. ಟಪಾಲಿಗೆ ಹಾಕ್ಲೇ ಇಲ್ಲ."

"ತಪ್ಪು," ಎಂದೆ. ಅಥವಾ ನಕ್ಕು "ತಪ್ಪು" ಎಂದೆ.

'ಟಪಾಲು ಓಣಿ'ಯ ಒಂದು ಕಂತನ್ನೂ ನೋಡದ ಪಾಟೀಲರು, ಹೆಸರಿನಲ್ಲೇ ಟಪಾಲಿದೆಯಲ್ಲ ಎಂಬ ಒಂದೇ ಧೈರ್ಯದ ಮೇಲೆ, "ಟಪಾಲ್ ಪೆಟಗ್ಯಾಗ ಹಾಕಿರಬೇಕು ನೋಡ್ರಿ" ಎಂದರು.

"ಬರೋಬ್ಬರಿ!"

ಚಪ್ಪಾಳೆ ಬಿತ್ತು. ಮೌಶಿ ಕುರ್ಚಿಯಿಂದ ಏಳಲಿಲ್ಲ. "ಗುರಣ್ಣಾ, ಖರೇನ ಹಂಗಿತ್ತೇನಪಾ? ನನಗ ಆ ಡಬ್ಬಿ ಮುಚ್ಚಳದ ಸಪ್ಪಳ ಸುದ್ದಾ ನೆನಪದ."

"ನನ್ನ ಹತ್ರ ಲಿಖಿತ ಆಧಾರ ಅದ ಮೌಶಿ," ಎಂದೆ, ಹೈಕೋರ್ಟಿನ ಗಾಂಭೀರ್ಯದಲ್ಲಿ.

"ಹಂಗಾದ್ರ ನಂದ ತಪ್ಪಿರಬೇಕು," ಎಂದು ಅವರು ಚೀಲ ಎತ್ತಿಕೊಂಡರು. ಪಾಟೀಲರು ಕುಕ್ಕರನ್ನು ತೊಡೆಯ ಮೇಲೆ ಕೂರಿಸಿಕೊಂಡು ಫೋಟೋ ತೆಗೆಸಿಕೊಂಡರು. ಇದು ಎಲ್ಲರೂ ಒಪ್ಪುವ ಸಂಗತಿ, ಫೋಟೋ ಇದೆ.

ಹತ್ತು ದಿನಗಳ ಮೇಲೆ ವಿದ್ಯಾ ಮೆಟ್ಟಿಲಲ್ಲಿ ಮೌಶಿಯ ಸೊಸೆಯನ್ನು ಭೆಟ್ಟಿಯಾಗಿ ಬಂದಳು. ಬಂದವಳು ತರಕಾರಿ ಚೀಲ ಕೆಳಗಿಡದೆ ನನ್ನ ಎದುರು ನಿಂತಳು.

"ಮೌಶಿ ಭಜನಿಗೆ ಹಾಡು ಹೇಳೂದು ಬಿಟ್ಟಾರಂತ. ನಡುವ ಸಾಲು ಮರ್ತರ ಹ್ಯಾಂಗ ಅಂತ ಹೆದರಿಕಿ. ಕಪಾಟಿನ ಕೀಲಿ ಸೊಸಿ ಕೈಯಾಗ ಕೊಟ್ಟಾರ. ಗ್ಯಾಸ್ ಬಂದ್ ಮಾಡೇನಿಲ್ಲೋ ಅಂತ ಮೂರು ಸಲ ನೋಡ್ತಾರಂತ."

"ಯಾಕ?"

"ಯಾಕಂದ್ರ? ಅವರಕ್ಕ ಕಡೀ ಮೂರು ವರ್ಷ ಸ್ವಂತ ಮಕ್ಕಳ ಗುರ್ತು ಹಿಡೀಲಿಲ್ಲ. ಅಕ್ಕಗೂ ಹಿಂಗ ಸಣ್ಣ ಸಣ್ಣದ್ರಿಂದನ ಸುರು ಆಗಿತ್ತು ಅಂತಾರಂತ. ಗುರಣ್ಣ ಎಂ.ಎ. ಓದಿದಾಂವ, ಆಧಾರ ಇಲ್ದ ಮಾತಾಡೂದಿಲ್ಲ, ಅಂದಮ್ಯಾಲೆ ನನ್ನ ತಲೀನ ಕೆಟ್ಟದ ಅಂತಾರಂತ. ಬೇಸ್ತವಾರ ಡಾಕ್ಟರ್ ಕಡೆ ಹೊಂಟಾರ." ಚೀಲ ಕೆಳಗಿಟ್ಟು ಅವಳು ಕೇಳಿದಳು: "ಎಲ್ಲೆದ ನಿಮ್ಮ ಆಧಾರ?"

ಇಷ್ಟು ವರ್ಷದ ಸಂಸಾರದಲ್ಲಿ ಆ ಪ್ರಶ್ನೆ ನನ್ನ ಕಡೆಗೆ ತಿರುಗಿದ್ದು ಅದೇ ಮೊದಲು. ಲ್ಯಾಪ್‌ಟಾಪು ತೆರೆದೆ. ಆಧಾರ ಸಿಕ್ಕಿತು. ಕಡತದ ಹೆಸರು 'ಸರಿಯಾದ ಕೊನೆಯ ಕಂತು'. ಕುಮುದಿನಿ ಮಳೆಯಲ್ಲಿ ನಡೆದು ಹೋಗಿ ಪತ್ರವನ್ನು ಕೆಂಪು ಪೆಟ್ಟಿಗೆಗೆ ಹಾಕುವ ದೃಶ್ಯ ಸ್ಪಷ್ಟವಾಗಿತ್ತು, ಓದುತ್ತ ನನ್ನ ಕಣ್ಣೇ ಒದ್ದೆಯಾಯಿತು. ಕೆಳಗೆ ನಮ್ಮ ಮೇಳದವರೆಲ್ಲ ಹಾಕುವಂಥ ಒಂದು ಸಾಲಿತ್ತು: 'ಪಾತ್ರಗಳು ನನ್ನವಲ್ಲ. ತಪ್ಪುಗಳೆಲ್ಲ ನನ್ನವೇ.'

ಅದು ನನ್ನ ಮೊದಲ ಅಧ್ಯಾಯ.

ಮೂಲದ ಅಂತ್ಯ ಸೇರದೆ ಸಿಟ್ಟಿನಿಂದ ನಾನು ಅದಕ್ಕೆ 'ಸರಿಯಾದ' ಎಂದು ಹೆಸರಿಟ್ಟಿದ್ದೆ. ವರ್ಷ ಕಳೆದ ಮೇಲೆ ಸಿಟ್ಟು ಹೋಗಿ ಹೆಸರು ಉಳಿದುಕೊಂಡಿತ್ತು. ಪುಣ್ಯಾತ್ಮರೊಬ್ಬರು ಹಳೆಯ ಟೇಪಿನಿಂದ ಇಂಟರ್ನೆಟ್ಟಿಗೆ ಏರಿಸಿದ ನಿಜವಾದ ಕೊನೆಯ ಕಂತನ್ನು ಹುಡುಕಿದೆ. ಮಸುಕು ಮಸುಕಾಗಿ ಕುಮುದಿನಿ ಬಂದಳು. ಡಬ್ಬಿ ತೆರೆದಳು. ಜೋಳದೊಳಗೆ ಪತ್ರ ತುರುಕಿದಳು. ಮುಚ್ಚಳ ಠಣ್ ಎಂದಿತು.

"ಸಪ್ಪಳ ಛಲೋ ಬಂದದ," ಎಂದಳು ವಿದ್ಯಾ.

ಈಗ ಮರ್ಯಾದಸ್ಥನಾದವನು ಮೇಲೆ ಹೋಗಿ ತಪ್ಪೊಪ್ಪಿಕೊಳ್ಳುತ್ತಾನೆ. ಆದರೆ ಒಪ್ಪಿಕೊಂಡರೆ ಆ ಪೆಟ್ಟಿಗೆ ಎಲ್ಲಿಂದ ಬಂತೆಂದು ಹೇಳಬೇಕು. ನಲವತ್ತೈದರ ಗಂಡಸು ಕುಮುದಿನಿಯ ಸೀರೆಯ ನೆರಿಗೆಯ ಬಗ್ಗೆ ಎರಡು ಪುಟ ಬರೆದಿದ್ದಾನೆಂದು ಬಿಲ್ಡಿಂಗಿಗೆಲ್ಲ ಗೊತ್ತಾಗಬೇಕು. ಹಾಗಾಗದಂತೆ ಮೌಶಿಯನ್ನೂ ಉಳಿಸುವ, ನನ್ನನ್ನೂ ಉಳಿಸುವ ಒಂದು ನಡುಹಾದಿಯನ್ನು ತತ್ವಶಾಸ್ತ್ರದ ಬಲದಿಂದ ಕಂಡುಹಿಡಿದೆ. ಮೇಲೆ ಹೋಗಿ ಹೇಳಿದೆ: "ಮೌಶಿ, ಈಗ ಗೊತ್ತಾತು. ಆ ಕಂತಿಗೆ ಎರಡು ಅಂತ್ಯ ಇದ್ದುವಂತ. ಒಂದು ಸಲ ಡಬ್ಬಿ, ಮರುಪ್ರಸಾರದಾಗ ಪೆಟಗಿ. ನಿಮ್ಮದೂ ಬರೋಬ್ಬರಿ, ನಂದೂ ಬರೋಬ್ಬರಿ."

ಮೌಶಿಯ ಮುಖ ಇನ್ನಷ್ಟು ಇಳಿಯಿತು. "ಮರುಪ್ರಸಾರಾನೂ ನಾ ಒಂದು ಬಿಡದ ನೋಡೇನಪಾ. ಅಂದ್ರ ಒಂದು ಅಂತ್ಯ ಪೂರಾ ಅಳಿಸಿ ಹೋಗೇದ." ಒಳಗೆ ತಿರುಗಿ ಸೊಸೆಗೆ ಹೇಳಿದರು: "ಬೇಸ್ತವಾರ ತನಕಾ ತಡಾ ಬ್ಯಾಡವ್ವಾ. ನಾಳೆ ಸಿಗ್ತಾರೇನು ಕೇಳು."

ಚಿಕಿತ್ಸೆಗೆಂದು ಹೋಗಿ ರೋಗವನ್ನು ಎರಡು ದಿನ ಮೊದಲೇ ಬರಿಸಿ ಬಂದೆ.

ಮರುದಿನ ಕಚೇರಿಗೆ ರಜೆ ಹಾಕಿದೆ. ಡಾಕ್ಟರ ಬಳಿ ಹೋಗಬೇಕಾದದ್ದು ನಾಲ್ಕು ಗಂಟೆಗೆ. ಮೂರಕ್ಕೇ ಮೇಲೆ ಹತ್ತಿದೆ. ಏಕಾಂತದಲ್ಲಿ ಹೇಳಿ ಮುಗಿಸಬೇಕೆಂದುಕೊಂಡಿದ್ದೆ. ಬಾಗಿಲು ತೆರೆದರೆ ಭಜನಾ ಮಂಡಳಿಯ ಒಂಬತ್ತು ಹೆಂಗಸರು, ಮೌಶಿಗೆ ಧೈರ್ಯ ಹೇಳಲು ಬಂದವರು, ಗೋಡೆಗೆ ಒರಗಿ ಸಾಲಾಗಿ ಕೂತಿದ್ದರು. ತಿರುಗಿ ಹೋಗೋಣವೆಂದರೆ ಹಿಂದಿನ ಮೆಟ್ಟಿಲಲ್ಲಿ ವಿದ್ಯಾ ನಿಂತಿದ್ದಳು.

"ಮೌಶಿ, ನಿಮ್ಮ ನೆನಪು ಬರೋಬ್ಬರಿ ಅದ. ಡಬ್ಬಿನ ಖರೇ. ಎರಡು ಅಂತ್ಯ ಇಲ್ಲ. ಪೆಟಗಿಗೆ ಹಾಕಿದ್ದು ನಾನು."

"ನೀ ಎಲ್ಲಿಂದ ಬಂದಿ ಅದರಾಗ?"

ಹೇಳಿದೆ. ಎಲ್ಲ ಹೇಳಿದೆ. ಹದಿನಾಲ್ಕು ಅಧ್ಯಾಯ, ಸುಳ್ಳು ಹೆಸರು, ಯಾರೂ ಕೇಳದಿದ್ದ ಲಿಫ್ಟಿನ ದೆವ್ವವನ್ನೂ ಹೇಳಿದೆ. ನಾಲ್ಕನೇ ಸಂಕಲ್ಪದಲ್ಲಿ ಬೇಕಿದ್ದದ್ದು ಒಬ್ಬ ಜೀವಂತ ಮನುಷ್ಯ. ಮೌಶಿ, ಸೊಸೆ, ಭಜನಾ ಮಂಡಳಿ ಸೇರಿ ಹನ್ನೊಂದು ಜನರ ಮುಂದೆ ಒಂದೇ ಏಟಿಗೆ ಪೂರೈಸಿತು. ಫೋನಿನಲ್ಲಿ ಮೂಲ ಕಂತು ಹಚ್ಚಿದೆ. ಮುಚ್ಚಳ ಠಣ್ ಎಂದಾಗ ಮೌಶಿ ಕಣ್ಣು ಮುಚ್ಚಿಕೊಂಡರು.

"ಹಂಗಾದ್ರ ನನಗೇನೂ ಆಗಿಲ್ಲ," ಎಂದರು ಮೆಲ್ಲಗೆ.

"ಏನೂ ಆಗಿಲ್ರಿ ಮೌಶಿ. ಆಗಿದ್ದು ನನಗ."

"ಅದಂತೂ ಕಾಣ್ಸತದ." ಸೊಸೆಯ ಕಡೆ ತಿರುಗಿದರು. "ನಾಕಕ್ಕ ಡಾಕ್ಟರ್ ಕಡೆ ಹೇಳೇದಲ್ಲ, ನನ್ನ ಹೆಸರು ತಗದು ಇವಂದ್ ಹಾಕ್ಸು."

ಒಂಬತ್ತು ಜನ ನಕ್ಕ ಸದ್ದು ಕೆಳಗಿನ ಪಾರ್ಕಿಂಗಿಗೂ ಕೇಳಿತಂತೆ. ನಗು ನಿಂತ ಮೇಲೆ ಮೌಶಿ ಕೀಲಿಗೊಂಚಲನ್ನು ಸೊಸೆಯಿಂದ ತಿರುಗಿ ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು. ಬೈಗುಳ ಅಲ್ಲಿಂದ ಸುರುವಾಯಿತು.

"ಯಾರದೋ ಮಗಳನ್ನ ಹೇಳದ ಕೇಳದ ಮನಿ ಬಿಡಿಸಿ ಕರ್ಕೊಂಡು ಹೋಗೀಯಲ್ಲೋ. ಈಗೆಲ್ಲಿ ಇದಾಳ ಆಕಿ?"

"ಸ್ಟೇಶನ್‌ದಾಗ ನಿಂತಾಳ್ರಿ. ರೈಲು ಬರೂದದ."

"ಎಷ್ಟೊತ್ತಾತು?"

"ಮೂರು ವರ್ಷ."

"ಮೂರು ವರ್ಷ! ಕೂಸಿಗೆ ಊಟಾನಾದ್ರೂ ಹಾಕೀಯೇನು?"

ಹಾಕಿರಲಿಲ್ಲ. ಅದು ನನಗೆ ಹೊಳೆದೇ ಇರಲಿಲ್ಲ. ಮೂರು ವರ್ಷದಿಂದ ಆ ಅಧ್ಯಾಯ ಮುಂದೆ ಹೋಗದ್ದಕ್ಕೆ ಸಿದ್ಧಾಂತದ ಮಟ್ಟದಲ್ಲಿ ಎಷ್ಟೋ ಕಾರಣ ಹುಡುಕಿದ್ದೆ. ಹುಡುಗಿ ಹಸಿದಿದ್ದಾಳೆ ಎಂಬುದು ಅವುಗಳಲ್ಲಿ ಇರಲಿಲ್ಲ. "ಓದು," ಎಂದರು ಮೌಶಿ. ನಾನು ಮೊದಲ ಅಧ್ಯಾಯದಿಂದ ಓದಿದೆ. ಮಳೆಯಲ್ಲಿ ಪತ್ರ ಪೆಟ್ಟಿಗೆಗೆ ಬಿದ್ದಾಗ ಭಜನಾ ಮಂಡಳಿಯ ಒಬ್ಬರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಇಂಟರ್ನೆಟ್ಟಿನಲ್ಲಿ ಬಂದ ಪ್ರತಿಕ್ರಿಯೆಗಳಲ್ಲಿ ಯಾವುದಕ್ಕೂ ಸೆರಗಿರಲಿಲ್ಲ.

ಪಾಟೀಲರು ಕುಕ್ಕರನ್ನು ದೊಡ್ಡ ಮನಸ್ಸಿನಿಂದ ಮೌಶಿಗೆ ತಲುಪಿಸಿದರು, ತಳದಲ್ಲಿ ಒಂದು ಸಲದ ಬೇಳೆಯ ಗುರುತಿನೊಂದಿಗೆ. ನಾನು ಈಗ ಪ್ರತಿ ಶನಿವಾರ ಮಧ್ಯಾಹ್ನ ಮೇಲೆ ಹೋಗಿ ಓದಬೇಕು. ಹದಿನೈದನೇ ಅಧ್ಯಾಯ ಸುರುವಾಗಿದೆ. ಕುಮುದಿನಿ ಎರಡು ರೊಟ್ಟಿ, ಶೇಂಗಾ ಚಟ್ನಿ ತಿಂದು ರೈಲು ಹತ್ತಿದ್ದಾಳೆ. ಈ ವರ್ಷ ಕಥೆ ಮುಗಿಯುವ ಲಕ್ಷಣಗಳಿವೆ.

ಒಂದೇ ತೊಡಕು. ಮೊನ್ನೆಯ ಶನಿವಾರ, ಅಂಬಕ್ಕ ಬಲಗೈಯಿಂದ ಸಾರಿಗೆ ಉಪ್ಪು ಹಾಕಿದಳೆಂದು ಓದುತ್ತಿದ್ದಾಗ ಮೌಶಿ ಕೈಯೆತ್ತಿ ನಿಲ್ಲಿಸಿದರು.

"ಅಂಬಕ್ಕ ಎಡಚಿ."

"ಇಲ್ರಿ ಮೌಶಿ, ಇದು ಮಾತ್ರ ನನಗ ಪಕ್ಕಾ ನೆನಪದ. ನಾ ಆಕಿ ಮ್ಯಾಲೆ ಹದಿನಾಲ್ಕು ಅಧ್ಯಾಯ ಬರ್ದೇನಿ."

"ಬರ್ದಿರಬೇಕು. ನಾ ನೋಡೇನಿ."

ನಾನು ವಾದಿಸಿದೆ. ನಕ್ಕೆ ಕೂಡ, ಈ ಸಲ ನನಗೇ ನೆನಪಿದೆ. ಭಾನುವಾರ ಬೆಳಿಗ್ಗೆ ಸಿಕ್ಕ ಕಂತುಗಳನ್ನೆಲ್ಲ ಓಡಿಸಿ ನೋಡಿದೆ. ಅಂಬಕ್ಕ ಹನ್ನೊಂದು ಸಲ ಉಪ್ಪು ಹಾಕುತ್ತಾಳೆ. ಹನ್ನೊಂದೂ ಸಲ ಎಡಗೈ.