ಷಡ್ಡಕನ ರೈಲಿಗಿಂತ ಒಂದು ವಾಷರ್ ಎತ್ತರ

"ಭಾನುವಾರ ಸಂಜೆ ಐದಕ್ಕೆ ನನ್ನ ರೈಲು ಹತ್ತು ಬೋಗಿ ಎಳ್ಕೊಂಡು ಕವಲು ದಾಟುತ್ತೆ. ದಾಟದಿದ್ರೆ ನನ್ನ ಹೆಸರು ಬದಲಾಯಿಸು!" ಎಂದು ಬಡಗಿ ಹೆಂಡತಿಯ ಮುಂದೆ ಎದೆ ತಟ್ಟಿಕೊಂಡ.

"ಹೊಸ ಹೆಸರು ಯೋಚಿಸಿ ಇಟ್ಟಿರ್ತೀನಿ" ಎಂದಳು ಅವಳು. ಕನ್ನಡಕದ ಅಂಗಡಿಯಲ್ಲಿ ಸಾಸಿವೆಯಷ್ಟು ಸ್ಕ್ರೂ ತಿರುಗಿಸುವ ಕೆಲಸ ಅವಳದು.

ಈ ಭೀಷ್ಮಪ್ರತಿಜ್ಞೆಗೆ ಕಾರಣ ಷಡ್ಡಕ. ಹೆಂಡತಿಯ ಅಕ್ಕನ ಗಂಡ, ಹಲ್ಲಿನ ಡಾಕ್ಟರು. ಕಳೆದ ವಾರ ಅವನ ಮನೆಯಲ್ಲಿ ಹನ್ನೆರಡು ಬೋಗಿಯ ಆಟದ ರೈಲು ಕವಲನ್ನು, ಅಂದರೆ ಒಂದು ಹಳಿ ಎರಡಾಗುವ ಜಾಗವನ್ನು, ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ದಾಟಿತ್ತು. ಅದಕ್ಕಿಂತ ಹೊಟ್ಟೆ ಉರಿಸಿದ್ದು ಹೆಂಡತಿಯ ಮುಖ. ಆ ರೈಲು ನೋಡುತ್ತ ಅವಳು ನಕ್ಕ ನಗು ಇತ್ತಲ್ಲ, ಅದು ಅವರ ಮದುವೆಯ ಫೋಟೋದಲ್ಲೂ ಇಲ್ಲ! ಆವತ್ತಿನಿಂದ ಬಡಗಿಗೆ ಊಟ ಸೇರುತ್ತಿರಲಿಲ್ಲ.

ಅವನ ರೈಲಿಗೋ ಕವಲೆಂದರೆ ಆಗದು. ಅಲ್ಲಿಗೆ ಬಂದ ಕೂಡಲೇ ಬೋಗಿಯ ತಳ ಹಳಿಗೆ ತಗುಲಿ, ಟಕ್ ಎಂದು ಅಡ್ಡ ಬೀಳುತ್ತಿತ್ತು.

"ಒಂದ್ಸಲ ಬೋಗಿ ತಲೆಕೆಳಗೆ ಮಾಡಿ ನೋಡ್ರೀ. ಕೊಂಡಿ ಕೆಳಗೆ..."

"ಇಪ್ಪತ್ತು ವರ್ಷದಿಂದ ಬಾಗಿಲು ಕೂರಿಸ್ತಿದ್ದೀನಿ. ನೆಲಕ್ಕೆ ಉಜ್ಜೋ ಬಾಗಿಲಿಗೆ ಏನು ಮಾಡ್ತಾರೆ? ಹಿಂಜಿಗೆ ವಾಷರ್ ಕೊಟ್ಟು ಎತ್ತುತ್ತಾರೆ! ನೀನು ಕನ್ನಡಕ ನೋಡ್ಕೋ."

"ನಿಮಗೂ ಒಂದು ಬೇಕಾಗಿತ್ತು."

ಚಕ್ರಗಳ ಮೇಲೆ ವಾಷರ್ ಕೂತಿತು. ಬೋಗಿ ಎತ್ತರವಾಗಿ ಅದರ ಕೊಂಡಿ ಎಂಜಿನ್ನಿನ ಕೊಂಡಿಗೆ ಸಿಗದಾಯಿತು. ಎಂಜಿನ್ನಿಗೂ ವಾಷರ್! ಆಗ ರೈಲಿನ ತಲೆ ಸುರಂಗಕ್ಕೆ ಬಡಿಯಿತು. ಸುರಂಗದ ಕೆಳಗೆ ಹಲಗೆ ಕೊಟ್ಟ. ಸುರಂಗ ಎದ್ದದ್ದೇ ಅದರ ಮೇಲಿನ ಸೇತುವೆ ಓಲಾಡಿತು. ಸೇತುವೆಗೆ ಕಂಬ ಕೊಟ್ಟ. ಕಂಬಕ್ಕೆ ಜಾಗ ಸಾಲದೆ ಪಕ್ಕದ ಕಪಾಟಿನ ಒಂದು ಅರೆಯನ್ನೇ ಗರಗಸದಿಂದ ಕೊಯ್ದದ್ದಾಯಿತು! ಅದರಲ್ಲಿದ್ದ ಬಟ್ಟೆಬರೆಯೆಲ್ಲ ಸೋಫಾಗೆ ವಲಸೆ ಹೋದವು.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ. ನೀವು ನೆಲಾನೇ ಎತ್ತಿಬಿಟ್ರಿ!"

"ಭಾನುವಾರ ನೋಡು. ನಿನ್ನ ಭಾವ ಬಾಯಿ ಬಿಡ್ತಾನೆ, ಹಲ್ಲು ನಾನು ಎಣಿಸ್ತೀನಿ!"

ಭಾನುವಾರ ಐದಕ್ಕೆ ಸರಿಯಾಗಿ ಷಡ್ಡಕ ಬಂದು ಮೇಜಿನ ಪಕ್ಕದಲ್ಲೇ ಕೂತ. ಬಡಗಿ ಗುಂಡಿ ಒತ್ತಿದ. ಒಂಟೆಯಂಥ ರೈಲು ಗಾಂಭೀರ್ಯದಿಂದ ಹೊರಟಿತು. ಮೊದಲ ಬೋಗಿ ಕವಲು ದಾಟಿತು! ಎರಡನೆಯದೂ ದಾಟಿತು! ಬಡಗಿ ಮೀಸೆಗೆ ಕೈ ಹಾಕಿದ. ಅಷ್ಟರಲ್ಲಿ ಮುಂದಿನ ತಿರುವು ಬಂತು. ಎತ್ತರ ಹೆಚ್ಚಾದ ಎಂಜಿನ್ನು ವಾಲಿ, ಹತ್ತೂ ಬೋಗಿಗಳನ್ನು ಕಟ್ಟಿಕೊಂಡು ನೇರ ಷಡ್ಡಕನ ಮಡಿಲಿಗೆ ಬಿತ್ತು.

ಷಡ್ಡಕ ನಗಲಿಲ್ಲ. ನಕ್ಕಿದ್ದರೆ ಬಡಗಿಗೆ ಎಷ್ಟೋ ವಾಸಿಯಾಗುತ್ತಿತ್ತು. ಅವನು ಒಂದು ಬೋಗಿಯನ್ನು ಅಂಗಾತ ಮಾಡಿ, ರೋಗಿಯ ದವಡೆ ನೋಡುವಂತೆ ಇಣುಕಿದ.

"ಓ, ಅದೇ ಕಾಯಿಲೆ! ಕೊಂಡಿ ಕೆಳಗಿನ ತಂತಿ ಇಳಿಬಿದ್ದಿದೆ, ನೋಡಿ. ಕವಲಿಗೆ ತಗುಲೋದು ಇದೇ. ನಂದೂ ಹೀಗೇ ಬೀಳ್ತಿತ್ತು. ಹನ್ನೆರಡಕ್ಕೂ ತಂತಿ ಕತ್ತರಿಸಿಕೊಟ್ಟಿದ್ದು ನಿಮ್ಮ ಮನೆಯವರೇ ಅಲ್ವಾ? ಹತ್ತು ನಿಮಿಷದ ಕೆಲಸ!"

ಬಡಗಿಯ ಕೈ ಮೀಸೆಯಲ್ಲೇ ಉಳಿಯಿತು. ವಾರವಿಡೀ ಅವನು ಹೊಟ್ಟೆ ಉರಿದುಕೊಂಡದ್ದು ಸ್ವಂತ ಹೆಂಡತಿಯ ಕೈಚಳಕ ಕಂಡು!

"ಅವರಿಗೆ ಮಾಡಿಕೊಟ್ಟೆ. ನನಗ್ಯಾಕೆ ಇಲ್ಲ?" ಎಂದ, ಅಳುವುದೊಂದು ಬಾಕಿ.

ಅವಳು ಭಾವನ ಮಡಿಲಿನ ಬೋಗಿಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತ ಹೇಳಿದಳು: "ಭಾವ ಕೇಳಿದ್ರು, ಹೇಳ್ದೆ. ನಿಮಗೆ ಹೇಳ್ದೆ, ನೀವು ಕೇಳ್ಲಿಲ್ಲ!"