ಹೊಳೆ ತೊಳೆದುಕೊಂಡು ಹೋದ ಹುಳುಗಳು

ಹೊಳೆ ಬಂದರೆ ರೋಗ ತೊಳೆದುಕೊಂಡು ಹೋಗುತ್ತದೆ ಎಂದು ಆ ವರ್ಷ ನಮ್ಮ ಕಡೆ ಎಲ್ಲರೂ ನಂಬಿದ್ದರು. ರೈತರು ನಂಬಿದ್ದರು, ಸಾಹೇಬರು ನಂಬಿದ್ದರು, ಚಹಾದಂಗಡಿಯವನೂ ನಂಬಿದ್ದ. ನಾನು ದನದ ಡಾಕ್ಟರು. ಇಂಥ ನಂಬಿಕೆಗಳು ನನಗೆ ವರ್ಷಕ್ಕೊಂದಾದರೂ ಗಂಟುಬೀಳುತ್ತವೆ. ದನದ ರೋಗಕ್ಕೆ ಔಷಧ ಉಂಟು. ದನ ಕಟ್ಟಿದವರ ಮತ್ತು ದನದ ಕಡತ ನೋಡುವವರ ರೋಗಕ್ಕೆ ವಿಶ್ವವಿದ್ಯಾಲಯದಲ್ಲಿ ನಮಗೇನೂ ಕಲಿಸಲಿಲ್ಲ.

೧. ಹಾನಗಲ್ಲಿನ ಸಭೆ

ವರದಾ ನದಿ ಉಕ್ಕಿ ಇಳಿದ ಮೇಲೆ ಹಾನಗಲ್ಲಿನಲ್ಲಿ ಸಭೆ ಕರೆದರು. ಹಿರಿಯ ಅಧಿಕಾರಿಯೊಬ್ಬರು ಹಾನಿಯ ಪಟ್ಟಿ ಓದಿದರು: ಭತ್ತ ಹೋಯಿತು, ಗೋಡೆ ಹೋದವು, ರಸ್ತೆ ಹೋಯಿತು. ಕೊನೆಗೆ ಮುಖ ಅರಳಿಸಿ, "ಒಂದು ಲಾಭಾನೂ ಆಗೇದ. ಬಸವನಹುಳ ಎಲ್ಲಾ ಹರಕೊಂಡು ಹೋಗ್ಯಾವು. ಇನ್ನ ಗೊರಕಿ ರೋಗ ಇಲ್ಲ" ಅಂದರು.

ಗೊರಕೆ ರೋಗ ಎಂದರೆ ಎತ್ತಿನ ಮೂಗಿನ ರಕ್ತನಾಳಗಳಲ್ಲಿ ಒಂದು ಸಣ್ಣ ಜಂತು ಮನೆ ಮಾಡುವುದು. ಮೂಗಿನೊಳಗೆ ಗಂಟು ಬೆಳೆದು ಎತ್ತು ಎಚ್ಚರದಲ್ಲೇ ಗೊರಕೆ ಹೊಡೆಯುತ್ತದೆ. ನೀರು ಕುಡಿಯುವಾಗ ಸಿಂಬಳದ ಜೊತೆ ಜಂತಿನ ಮೊಟ್ಟೆ ನೀರಿಗೆ ಬೀಳುತ್ತದೆ. ಮರಿ ನೀರಿನ ಬಸವನಹುಳುವಿನೊಳಗೆ ಹೊಕ್ಕು ಬೆಳೆದು, ಮತ್ತೆ ನೀರಿಗೆ ಬಂದು, ಆ ನೀರಿಗಿಳಿದ ಇನ್ನೊಂದು ಎತ್ತಿನ ಚರ್ಮ ತೂರುತ್ತದೆ. ಈ ಬಸವನಹುಳುವಿಗೆ ಬೇಕಾದದ್ದು ನಿಂತ ನೀರು, ಕೊಳೆತ ಹುಲ್ಲು. ಪ್ರವಾಹ ಇಳಿಯುವಾಗ ಬಿಟ್ಟುಹೋಗುವುದು ಸರಿಯಾಗಿ ಇವೆರಡನ್ನೇ.

ನಾನು ಎದ್ದು, "ಯಾರು ನೋಡ್ಯಾರ್ರಿ ಸರ್?" ಅಂದೆ.

"ಏನನ್ನ?"

"ಹುಳ ಹೋಗಿದ್ದನ್ನ."

"ಹೆಂಗ ನೋಡಾಕ ಬರ್ತದರಿ? ಹೋಗಿಬಿಟ್ಟಾವಲ್ಲ!"

ಸಭೆ ತಲೆಯಾಡಿಸಿತು. ಉಪ್ಪಿಟ್ಟು ಬಂತು.

೨. ಸವಣೂರಿನ ಸಂತೆ

ಹಾನಗಲ್ ತಾಲೂಕಿನ ಹೊಳೆದಂಡೆಯ ಊರೊಂದರಲ್ಲಿ ಒಬ್ಬ ರೈತನಿದ್ದ. ಅವನ ಬದುಕೆಲ್ಲ ಒಂದು ಜೋಡಿ ಎತ್ತಿನ ಮೇಲೆ. ಆ ಊರಲ್ಲಿ ಮುಯ್ಯಿ ಪದ್ಧತಿ ಇನ್ನೂ ಉಳಿದಿದೆ: ನನ್ನ ಎತ್ತು ನಿನ್ನ ಹೊಲಕ್ಕೆ, ನಿನ್ನ ಎತ್ತು ನನ್ನ ಹೊಲಕ್ಕೆ. ಜೋಡಿ ಮುರಿದರೆ ಮುಯ್ಯಿಯಿಂದ ಹೊರಗೆ. ಆ ಜೋಡಿಯಲ್ಲಿ ಒಂದು ಗೊರಕೆ ಹೊಡೆಯತೊಡಗಿತು.

ರೈತ ನನ್ನನ್ನು ಕರೆಯಬೇಕು ಅನ್ನುವಷ್ಟರಲ್ಲಿ ಅವನ ಅಣ್ಣ, ರೋಗ ಸುದ್ದಿಯಾಗುವ ಮೊದಲೇ ಮಾರಿಬಿಡೋಣ ಎಂದು, ಅದನ್ನು ಹೊಡೆದುಕೊಂಡು ಸವಣೂರಿನ ಸಂತೆಗೆ ಹೋಗಿಬಿಟ್ಟ. ಅಲ್ಲಿ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಮುಗಿಸುತ್ತಾರೆ. ದಲಾಲ ಹಲ್ಲು ನೋಡಿದ, ಗೊರಸು ನೋಡಿದ, ಟವೆಲ್ಲು ಹೊದಿಸಿ ಬೆರಳು ಹಿಡಿದ. ಅಷ್ಟರಲ್ಲಿ ಎತ್ತು ಗೊರ್ರ್ ಅಂದಿತು. ದಲಾಲ ಕೈ ಎಳೆದುಕೊಂಡ.

"ಏನಪ್ಪಾ ಇದು ಸಪ್ಪಳ?"

"ಏನಿಲ್ಲರಿ, ಮಲಗೇತಿ."

"ನಿಂತು ಮೇವು ತಿನ್ನಾಕತ್ತೇತಲ್ಲೋ!"

"ಬಾಳ ದುಡಿಯೂ ಎತ್ತು ನೋಡ್ರಿ. ನಿದ್ದಿಗಣ್ಣಾಗ ತಿಂತೈತಿ."

ದಲಾಲ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಹಂಗಾದ್ರ ಎಬ್ಬಿಸಿಕೊಂಡು ಬಾರಪ್ಪ. ಎಚ್ಚರಿದ್ದಾಗ ನೋಡೂಣು."

೩. ಶಿಗ್ಗಾವಿಯ ಔಷಧ

ಮಾರಾಟವಾಗದ ಎತ್ತು ಮನೆಗೆ ಬಂತು. ರೈತನಿಗೆ ಖುಷಿ, ಅಣ್ಣನಿಗೆ ಮುಖಭಂಗ. ನಾನು ಹೋಗಿ ಸೂಜಿ ಶುರುಮಾಡಿದೆ, ಒಂದು ಕರಾರು ಹಾಕಿದೆ: ಬೋರಿನ ನೀರು ಬಕೆಟ್ಟಿನಲ್ಲಿ ಕುಡಿಸಬೇಕು, ಎರಡೂ ಎತ್ತು ನಿಂತ ನೀರಿಗೆ ಇಳಿಯಕೂಡದು. ರೈತನ ಹೆಂಡತಿ, "ದಿನಾ ಬಕೆಟ್ಟು ಹೊರಾವ್ರು ಯಾರ್ರಿ? ನಾನಾ ಅಲ್ಲೇನು" ಅಂದಳು, ಅಂದು ಹೊತ್ತಳು.

ಊರ ಬಾಗಿಲಲ್ಲೇ, ತಗ್ಗಿನ ಹೊಲದಲ್ಲಿ, ಹೊಳೆ ಒಂದು ಹೊಂಡ ಬಿಟ್ಟುಹೋಗಿತ್ತು. ಕೈ ಹಾಕಿದೆ, ಬೊಗಸೆ ತುಂಬ ಬಸವನಹುಳು. ಮೊದಲು ಅವು ಇದ್ದದ್ದು ಊರಾಚೆಯ ಹಳೆಯ ಕೆರೆಯಲ್ಲಿ. ಜೇಕಿನ ಹುಲ್ಲು ಹಿಡಿದುಕೊಂಡು ಹೊಳೆಯ ಖರ್ಚಿನಲ್ಲಿ ಊರೊಳಗೆ ಬಂದಿದ್ದವು. ಮೇಲಕ್ಕೆ ಬರೆದೆ. ಹುಳು ಕೊಲ್ಲುವ ಔಷಧ ಮಂಜೂರಾಯಿತು. ಆದರೆ ಈ ಊರಿನ ರಸ್ತೆ ಕೊಚ್ಚಿಹೋಗಿದ್ದರಿಂದ ಜೀಪು ಬರಲಿಲ್ಲ. ರಸ್ತೆ ಚೆನ್ನಾಗಿರುವ ಶಿಗ್ಗಾವಿ ತಾಲೂಕಿನಲ್ಲಿ, ತಡಸದ ದಾರಿಯಲ್ಲಿ, ರಭಸವಾಗಿ ಹರಿಯುವ ಹಳ್ಳವೊಂದಕ್ಕೆ ಸುರಿದು ಫೋಟೋ ತೆಗೆಸಿಕೊಂಡರು.

ಸುರಿದವನನ್ನು ಕೇಳಿದೆ, "ಹರಿಯೂ ನೀರಿಗೆ ಹಾಕಿದ್ರ ಔಷಧ ಎಲ್ಲಿ ನಿಂದರ್ತದಪಾ?"

"ನಿಂದರಬೇಕಂತ ಆರ್ಡರಿನ್ಯಾಗ ಇಲ್ಲರಿ."

"ಅಲ್ಲಿ ಹುಳ ಇದ್ದುವೇನು?"

"ಒಂದೂ ಇಲ್ಲರಿ. ಅದಕ್ಕ ನೋಡ್ರಿ, ಎಲ್ಲಾ ಸತ್ತಾವು ಅಂತ ಬರದೇವಿ."

೪. ಹಿರೇಕೆರೂರಿನ ಬಾತುಕೋಳಿ

ಔಷಧ ಮುಗಿದ ಮೇಲೆ ಯಾರಿಗೋ ನಿಸರ್ಗದ ನೆನಪಾಯಿತು: ಬಾತುಕೋಳಿ ಬಸವನಹುಳು ತಿನ್ನುತ್ತದೆ. ನಿಜ, ತಿನ್ನುತ್ತದೆ. ಹಿರೇಕೆರೂರು ತಾಲೂಕಿನಲ್ಲಿ, ಚಿಕ್ಕೇರೂರಿನ ಆಚೆಯ ಊರೊಂದಕ್ಕೆ ಒಂದು ಹಿಂಡು ಬಾತುಕೋಳಿ ಹಂಚಿದರು. ಅಲ್ಲಿ ಮನೆಮನೆಯಲ್ಲೂ ಲಿಂಗಪೂಜೆ. ಮೊಟ್ಟೆಯ ಹೆಸರೆತ್ತಿದರೂ ಬಾಯಿ ತೊಳೆದುಕೊಳ್ಳುತ್ತಾರೆ. ಪ್ರಭಾರದ ಮೇಲೆ ನಾನು ತನಿಖೆಗೆ ಹೋದಾಗ ಒಂದು ಬಾತುಕೋಳಿಯೂ ಇರಲಿಲ್ಲ.

"ಎಲ್ಲಿ ಹೋದ್ವು?"

ಊರಿನ ಹಿರಿಯರು ಭಕ್ತಿಯಿಂದ, "ಹೊಳಿ ಸೆಳಕೊಂಡು ಹೋಯ್ತರಿ" ಅಂದರು.

"ಬಾತುಕೋಳಿ ಬಂದಿದ್ದು ಹೊಳಿ ಇಳದ ಮ್ಯಾಲಲ್ಲರಿ?"

"ಹಂಗಾದ್ರ ಹೊಳಿ ಹಿಂದಿಂದ ನಡಕೊಂಡು ಹೋಗಿರಬೇಕ್ರಿ."

ಕೆರೆಯ ದಂಡೆಯಲ್ಲಿ ಮೂರು ಕಲ್ಲಿನ ಒಲೆ ಇತ್ತು, ಬೂದಿ ಬೆಚ್ಚಗಿತ್ತು, ಗಾಳಿಯಲ್ಲಿ ಗರಂ ಮಸಾಲೆ ಇತ್ತು. ಒಟ್ಟಿನಲ್ಲಿ ಈಜು ಬರುವ ಬಾತುಕೋಳಿಯನ್ನು ಹೊಳೆ ಒಯ್ದಿತ್ತು. ಈಜು ಬರದ ಬಸವನಹುಳು ಕೆರೆಯಲ್ಲಿ ಆರಾಮಾಗಿತ್ತು.

೫. ಗಂಗವ್ವನ ಹೊಂಡ

ಇತ್ತ ಹೊಳೆದಂಡೆಯ ಊರಿನಲ್ಲಿ ಬೇರೊಂದು ಯೋಜನೆ ತಯಾರಾಗಿತ್ತು. ಊರ ಗೌಡರು, "ನಾವು ವರ್ಷಾ ಗಂಗವ್ವನ ಹಂತ್ಯಾಕ ಹೋಗ್ತಿದ್ವಿ. ಈ ಸಲ ಆಕೀನ ನಮ್ಮ ಬಾಗಲಕ್ಕ ಬಂದಾಳ" ಅಂದರು. ಹೊಂಡಕ್ಕೆ ಉಡಿ ತುಂಬಿದರು: ಸೀರೆ, ಕುಪ್ಪಸ, ಬಳೆ, ಕೊಬ್ಬರಿ. ಆಮೇಲೆ ಊರ ಎತ್ತುಗಳನ್ನೆಲ್ಲ ಅದರಲ್ಲಿ ಇಳಿಸಿ ಮೈ ತೊಳೆದರು, ರೋಗ ಬರದಿರಲಿ ಎಂದು. ಗೊರಕೆ ಹೊಡೆಯುವ ಮುದಿ ಎತ್ತೊಂದಕ್ಕೆ ಮೊದಲ ಮರ್ಯಾದೆ, ಬೇಗ ವಾಸಿಯಾಗಲಿ ಎಂದು. ಅದು ಹೊಂಡಕ್ಕೆ ಮೂಗಿಟ್ಟು ಹೊಟ್ಟೆ ತುಂಬ ಕುಡಿಯಿತು. ಜಂತಿಗೆ ಇದಕ್ಕಿಂತ ಒಳ್ಳೆಯ ಸ್ವಾಗತವನ್ನು ನಾನು ಪಠ್ಯಪುಸ್ತಕದಲ್ಲೂ ಓದಿಲ್ಲ.

ಅಂದಿನಿಂದ ದಿನವೂ ಅಲ್ಲೇ ಮೈ ತೊಳೆಯುವುದು ರೂಢಿಯಾಯಿತು. ರೈತ ಮಾತ್ರ ತನ್ನ ಜೋಡಿ ತರಲಿಲ್ಲ. ಗೌಡರು ಅವನ ಮನೆಗೇ ಬಂದರು. ನಾನು ಸೂಜಿ ಹಾಕುತ್ತಿದ್ದೆ.

"ಯಾಕಪ್ಪಾ, ಗಂಗವ್ವಗಿಂತ ಡಾಕ್ಟ್ರು ದೊಡ್ಡವ್ರೇನು?"

"ಅದರಾಗ ಹುಳ ಅದಾವಂತರಿ ಗೌಡ್ರ."

"ಹೊಳಿ ಎಲ್ಲಾ ತೊಳಕೊಂಡು ಹೋಗೇತಿ. ನಿನ್ನ ಎತ್ತು ಇಳೀಲಿಲ್ಲಂದ್ರ ನಿನ್ನ ಹೊಲಕ್ಕ ಯಾರೂ ಮುಯ್ಯಿ ಬರಂಗಿಲ್ಲ, ನೋಡ್ಕೊ."

ನಾನು, "ಗೌಡ್ರ, ಹೊಂಡದ ನೀರು ಅಷ್ಟು ಚೊಕ್ಕ ಇದ್ರ ಒಂದು ಲೋಟ ತರಸ್ತೇನಿ, ಕುಡೀರಿ" ಅಂದೆ.

ಗೌಡರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಾವು ಫಿಲ್ಟರ್ ನೀರು ಕುಡಿಯಾವ್ರು ರೀ."

ಹಿಂಗಾರಿ ಬಿತ್ತನೆಗೆ ಆ ರೈತನ ಹೊಲಕ್ಕೆ ಯಾರೂ ಬರಲಿಲ್ಲ. ಎತ್ತಿಗೆ ಆಗಷ್ಟೇ ಉಸಿರಾಟ ಸಲೀಸಾಗತೊಡಗಿತ್ತು. ಗಂಡ ಹೆಂಡತಿ ಅದನ್ನು ನಿಲ್ಲಿಸಿ ನಿಲ್ಲಿಸಿ ಬಿತ್ತಿದರು. ಅರ್ಧ ಹೊಲ ಬೀಳುಬಿತ್ತು.

೬. ಕಾರಹುಣ್ಣಿಮೆ

ಮುಂದಿನ ಕಾರಹುಣ್ಣಿಮೆ ಬಂತು. ಎತ್ತುಗಳಿಗೆ ಬಣ್ಣ, ಕೋಡಿಗೆ ರಿಬ್ಬನ್ನು, ಕೊರಳಿಗೆ ಗೆಜ್ಜೆ. ಕರಿ ಹರಿಯುವ ಎತ್ತಿನ ಓಟಕ್ಕೆ ಮುಂಚೆ ಜೋಡಿಗಳೆಲ್ಲ ಸಾಲಾಗಿ ನಿಂತವು. ಆ ಸಾಲಿನಲ್ಲಿ ಜಾಗ ಸಿಕ್ಕವನಿಗೆ ಮುಂಗಾರಿಗೆ ಮುಯ್ಯಿ ಉಂಟು, ಇಲ್ಲದವನಿಗೆ ಇಲ್ಲ. ರೈತ ತನ್ನ ಜೋಡಿ ತಂದು ತುದಿಯಲ್ಲಿ ನಿಲ್ಲಿಸಿದ. ಹಿಂದಿನಿಂದ ಯಾರೋ ಕೂಗಿದರು, "ಗೊರಕಿ ಎತ್ತು ಹೊರಗ ಹಾಕ್ರಿ!"

ಗೌಡರ ಕೈಯಲ್ಲಿ ಮೈಕಿತ್ತು. ಮೈಕು ಕೈಯಲ್ಲಿದ್ದರೆ ಮನುಷ್ಯನಿಗೆ ನ್ಯಾಯ ಮಾಡುವ ಹುಕಿ ಬರುತ್ತದೆ. "ಸುಮ್ನ ಬ್ಯಾಡ, ಸಭಾದಾಗ ಖಾತ್ರಿ ಆಗಲಿ. ಡೊಳ್ಳು ನಿಲ್ಲಸ್ರಿ. ಎಲ್ಲಾರೂ ಬಾಯಿ ಮುಚ್ಚರಿ" ಅಂದವರೇ ಮೈಕನ್ನು ರೈತನ ಎತ್ತಿನ ಮೂಗಿಗೆ ಹಿಡಿದರು.

ಊರು ಕಿವಿಗೊಟ್ಟಿತು. ಸ್ಪೀಕರಿನಲ್ಲಿ ಮೆಲುಕಿನ ಸದ್ದು ಬಿಟ್ಟರೆ ಏನೂ ಇಲ್ಲ. ಗೌಡರು ಮೈಕು ಇನ್ನಷ್ಟು ಒಳಗೆ ತುರುಕಿದರು. ಎತ್ತು ಅದನ್ನು ನೆಕ್ಕಿತು.

ಅಷ್ಟರಲ್ಲಿ ಎಲ್ಲಿಂದಲೋ ಗೊರ್ರ್ ಅಂತ ಕೇಳಿತು. ಗೌಡರು ಗೆದ್ದವರ ಹಾಗೆ ಸದ್ದಿನ ಬೆನ್ನು ಹತ್ತಿ ಸಾಲಿನುದ್ದಕ್ಕೂ ನಡೆದರು, ಮೈಕು ಮುಂದೆ ಹಿಡಿದುಕೊಂಡೇ. ಒಂದೊಂದು ಜೋಡಿಯ ಮುಂದೆ ಹೋದಾಗಲೂ ಸ್ಪೀಕರು ಗೊರಕೆ ಹೊಡೆಯಿತು. ಎಲ್ಲಕ್ಕಿಂತ ಗಟ್ಟಿಯಾಗಿ ಹೊಡೆದದ್ದು ಸಾಲಿನ ತಲೆಯಲ್ಲಿ, ಕೋಡಿನ ತುದಿಗೆ ಬೆಳ್ಳಿ ಅಣಸು ತೊಟ್ಟ ಗೌಡರ ಸ್ವಂತ ಎತ್ತು.

ಚಹಾದಂಗಡಿಯವನು ಕೂಗಿದ, "ಗೌಡ್ರ, ಮೈಕು ಬಂದ್ ಮಾಡ್ರಿ! ಎಲ್ಲಾ ಎತ್ತೂ ನಿಮ್ಮಂಗ ಭಾಷಣಾ ಹೊಡ್ಯಾಕತ್ತಾವು!"

ರೈತನ ಹೆಂಡತಿ ಸೆರಗು ಸಿಕ್ಕಿಸಿ ಮುಂದೆ ಬಂದಳು. "ನಮ್ಮ ಜೋಡಿ ಹೊರಗ ಹಾಕೂದೇನ್ರಿ ಗೌಡ್ರ, ಇಲ್ಲಾ ನಮ್ಮದೊಂದು ಬಿಟ್ಟು ಉಳದದ್ದೆಲ್ಲಾ ಹಾಕೂದೋ?"

ಗೌಡರು ಮೈಕಿನ ಗುಂಡಿ ಹುಡುಕುತ್ತಿದ್ದರು.

ಇಡೀ ಊರಲ್ಲಿ ಆ ಹೊಂಡಕ್ಕೆ ಇಳಿಯದ ಜೋಡಿ ಅದೊಂದೇ.